ಉಸಿರುಕೊಳವೆ ನನ್ನ ಚೀಲದಲ್ಲಿದೆ

ತಮ್ಮಾ,

ನಿನ್ನ ಡೈವಿಂಗ್ ಸಿಲಿಂಡರಿನ ಉಸಿರುಕೊಳವೆಗಾಗಿ ಮನೆಯೆಲ್ಲ ಜಾಲಾಡಬೇಡ. ಅದನ್ನು ನಾನೇ ಕೆಲಸಕ್ಕೆ ಒಯ್ದಿದ್ದೇನೆ.

ನಿನ್ನೆ "ಕನ್ನಡಕ ಜೊತೆಗಿರ್ತಾನೆ ಬಿಡಕ್ಕ" ಎಂದು ಹೇಳಿ ಹೋಗಿ, ಸಮುದ್ರದ ಆಳಕ್ಕೆ ಒಬ್ಬನೇ ಇಳಿದೆ. ನಿನ್ನ ಅದೇ ಗೆಳೆಯ ಕನ್ನಡಕ ಹತ್ತು ಗಂಟೆಗೆ ನಮ್ಮ ಬಾಗಿಲಲ್ಲಿ ನಿಂತು, "ಇವನೆಲ್ಲಕ್ಕ, ಇನ್ನೂ ಎದ್ದಿಲ್ವಾ?" ಎಂದು ಕೇಳಿದ. ನಾನು ಚಪ್ಪಲಿಯನ್ನೂ ಮೆಟ್ಟದೆ ದಡಕ್ಕೆ ಓಡಿದೆ.

ನಿನ್ನ ಒದ್ದೆ ಉಡುಪು ಬಚ್ಚಲಲ್ಲಿ ನಾರುತ್ತಿದೆ, ಒಣಹಾಕು.

ಜನರ ಕತೆ ಕೇಳಿ ಬರೆದುಕೊಳ್ಳುವ ನನ್ನ ಈ ಕೆಲಸದಲ್ಲಿ, ಒಂಟಿಯಾಗಿ ಮುಳುಗಿದವರ ಕತೆಗಳನ್ನು ಈವರೆಗೆ ಹದಿನಾಲ್ಕು ಜನರ ಬಾಯಿಂದ ಕೇಳಿ ಬರೆದುಕೊಂಡಿದ್ದೇನೆ. ಹೇಳಿದವರೆಲ್ಲರೂ ದಡದಲ್ಲಿ ಕಾದವರು. ಮುಳುಗಿದವನೇ ಬಂದು ಹೇಳಿದ ಕತೆ ಒಂದೂ ಇಲ್ಲ.

ಊಟ ಮುಚ್ಚಿಟ್ಟಿದ್ದೇನೆ. ಸಂಜೆ ಕನ್ನಡಕನನ್ನು ಮನೆಗೆ ಕರೆದುಕೊಂಡು ಬಾ. ಕೊಳವೆಯನ್ನು ಅವನ ಕೈಗೆ ಕೊಡುತ್ತೇನೆ, ನಿನ್ನ ಕೈಗಲ್ಲ. ಹದಿನೈದನೆಯ ಕತೆಯನ್ನು ನಾನು ಹೇಳುವಂತಾಗುವುದು ಬೇಡ.

ಅಕ್ಕ