ಕಡಲ ಉಪ್ಪು, ಬೋರಿನ ಸವುಳು

೧೪ ಮಾರ್ಚ್ ೨೦೨೫, ಶುಕ್ರವಾರ. ಕುಷ್ಟಗಿ

ಎರಡು ಮೀನೂ ಸತ್ತವು. ಹಳೆಯ ಅಕ್ವೇರಿಯಂ ಸೋರುತ್ತಿತ್ತೆಂದು ಇವರ ಕಡಲಮೀನುಗಳನ್ನು ಬೆಳಿಗ್ಗೆ ನಾನೇ ಹೊಸದಕ್ಕೆ ಬಿಟ್ಟಿದ್ದೆ. ನಾನು ಅಡುಗೆಮನೆಯಲ್ಲಿದ್ದಾಗ, ನೀರು ಕಡಿಮೆ ಕಂಡು, ಅತ್ತೆ ಎರಡು ಕೊಡ ಬೋರಿನ ನೀರು ಸುರಿದಿದ್ದಾರೆ.

“ಅದೂ ಉಪ್ಪನೀರ ಅಲ್ಲೇನವಾ? ಬ್ಯಾಳಿ ಸೈತ ಬೇಯಂಗಿಲ್ಲ ಅದ್ರಾಗ,” ಎಂದರು. ಸತ್ತ ಮೀನುಗಳಿಂದ ಕಣ್ಣು ಕೀಳಲಿಲ್ಲ.

ಕಡಲ ಉಪ್ಪು ಬೇರೆ, ನಮ್ಮ ಸವುಳು ಬೇರೆ ಎಂದು ಎಂಬತ್ತರ ಜೀವಕ್ಕೆ ಹೇಗೆ ಹೇಳಲಿ? ನೀರಿನ ತಪ್ಪಲ್ಲ, ಬಲೆಯಿಂದ ಎತ್ತುವಾಗ ನನ್ನ ಕೈಯಲ್ಲೇ ಪೆಟ್ಟಾಯಿತು ಎಂದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಿನ್ನ ಕೈ ಮೊದ್ಲಿಂದ ಒರಟ ಬಿಡು. ನನ್ನ ಮಗ ಮಕ್ಕಳಂಗ ಜ್ವಾಕಿ ಮಾಡಿದ್ದ.”

ಮಕ್ಕಳಿಲ್ಲದ ಈ ಮನೆಯಲ್ಲಿ ‘ಮಕ್ಕಳು’ ಎಂಬ ಮಾತು ಬಿದ್ದು ಎಷ್ಟೋ ವರ್ಷವಾಗಿತ್ತು. ಆಡಿದವರು ಉಂಡು ಮಲಗಿದ್ದಾರೆ.

ನಾಳೆ ಗಂಗಾವತಿಯಿಂದ ಬರುವ ಇವರಿಗೂ ನನ್ನ ಕೈಯ ತಪ್ಪೆಂದೇ ಹೇಳಬೇಕು. ಇವರೂ ಅತ್ತೆಯಷ್ಟೇ ಬೇಗ ನಂಬಿಬಿಟ್ಟರೆ…