ನಲವತ್ತೊಂದನೆಯ ಹೆಸರು

14 ನವೆಂಬರ್ 2022, ಸೋಮವಾರ. ಮಕ್ತಲ್

ಎಂಟಕ್ಕೇ ಕುರಿಗಾರರ ಸಂಘದ ಆಫೀಸು ತೆರೆದೆ. ಕಸ ಗುಡಿಸಿ ಪ್ರಿಂಟರಿಗೆ ಕಾಗದ ತುಂಬಿದೆ. ಗುರುವಾರದೊಳಗೆ ಕುರಿ ಲಸಿಕೆಯ ಚೀಟಿ ಹಂಚಬೇಕು — ದಿನಕ್ಕೆ ಐದು ಹಿಂಡು, ಯಾರದು ಯಾವ ದಿನ ಬರಬೇಕು ಅಂತ. ಚೀಟಿ ಇಲ್ಲದಿದ್ದರೆ ಡಾಕ್ಟರು ಸೂಜಿ ಮುಟ್ಟುವುದಿಲ್ಲ. ಹೋದ ವರ್ಷ ಮರಿಕಲ್ಲಿನ ನರಸಿಂಹಮ್ಮತ್ತೆಯ ಹಿಂಡೊಂದಕ್ಕೇ ಲಸಿಕೆ ತಪ್ಪಿತು. ರೋಗ ಬಿದ್ದು ಇಪ್ಪತ್ತಾರು ಕುರಿ ಸತ್ತವು. ಚೀಟಿ ಕಳೆದುಕೊಂಡಿದ್ದಳು, ಪಾಪ.

ಮಧ್ಯಾಹ್ನ ಗದ್ವಾಲದಿಂದ ಭೀಮಶಂಕರ್ ಬಂದ. ಕಾಲೇಜಿನಲ್ಲಿ ಜೊತೆಗೆ ಓದಿದವನು, ಈಗ ಅಲ್ಲೇ ಕಂಪ್ಯೂಟರ್ ಪಾಠ ಹೇಳುತ್ತಾನೆ. ಚೀಟಿಗಾಗಿ ನಾನು ಪೈಥಾನ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನೋಡಿ ನಕ್ಕ.

"ಇನ್ನಾ ಹಳೇ ಪೈಥಾನ್ ಇಟ್ಕೊಂಡು ಕುಂತೀಯಲ್ಲ ಅಖಿಲಾ. 3.10 ಹಾಕ್ತೀನಿ, ತಡಿ."

ಹಾಕಿದ. ಹೊಸದರಲ್ಲಿ ಬ್ರಾಕೆಟ್ ಮುಚ್ಚದಿದ್ದರೆ ಎಲ್ಲಿ ಅಂತ ಅದೇ ತೋರಿಸುತ್ತದಂತೆ. ಉದ್ದುದ್ದ ಇಫ್‌ಗಳ ಬದಲು ಮ್ಯಾಚ್ ಅಂತ ಏನೋ ಇದೆ. ಮತ್ತೆ ಜಿಪ್ — ಹೆಸರಿನ ಪಟ್ಟಿ, ದಿನದ ಪಟ್ಟಿ ಎರಡನ್ನೂ ಜೋಡಿ ಮಾಡುವುದು — ಅದಕ್ಕೆ 'ಸ್ಟ್ರಿಕ್ಟ್' ಅಂತ ಸೇರಿಸಿದ. ಎರಡೂ ಸಮ ಇಲ್ಲದಿದ್ದರೆ ಮುಂದಕ್ಕೆ ಹೋಗುವುದಿಲ್ಲವಂತೆ. ತಲೆಯಾಡಿಸಿದೆ. ಅರ್ಧ ತಿಳಿಯಲಿಲ್ಲ.

15, ಮಂಗಳವಾರ

ಎರರ್. ದಿನದ ಪಟ್ಟಿ ಚಿಕ್ಕದು ಅನ್ನುತ್ತದೆ. ಲೆಕ್ಕ ಕೇಳಿದರೆ ದಿನದ ಸಾಲು ನಲವತ್ತು, ಹೆಸರು ನಲವತ್ತೊಂದು. ಸಂಘದಲ್ಲಿ ಇರುವುದೇ ನಲವತ್ತು ಮನೆ. ಪಟ್ಟಿ ಪ್ರಿಂಟ್ ತೆಗೆದು ಬೆರಳಿಟ್ಟು ಎಣಿಸಿದೆ. ನಲವತ್ತು. ಕೆಳಗಿನಿಂದ ಮೇಲಕ್ಕೆ ಎಣಿಸಿದೆ. ನಲವತ್ತೇ. ಹಳೆಯದು ಹೋದ ವರ್ಷ ತುಟಿಪಿಟಕ್ಕೆನ್ನದೆ ಚೀಟಿ ಕೊಟ್ಟಿತ್ತು. ಸುಧಾರಿಸಿದ್ದು ಅಂದರೆ ಇದೇನಾ…

ಭೀಮಶಂಕರ್‌ಗೆ ಫೋನ್ ಮಾಡಿದೆ. "ಅದ್ಯಾಕ ಸುಳ್ ಹೇಳ್ತೈತಿ? ನೀನೇ ಸರಿಯಾಗಿ ಎಣಸು" ಅಂದ. ಸಿಟ್ಟು ಬಂತು. ಇಟ್ಟುಬಿಟ್ಟೆ.

16, ಬುಧವಾರ

ಸಂಘದ ಹಿರಿಯರು ಚಂದ್ರಯ್ಯ ದೊಡ್ಡಪ್ಪ ಬಂದರು. ಅವರ ನೋಟ್‌ಬುಕ್ ನೋಡಿಯೇ ನಾನು ಹೆಸರು ಟೈಪ್ ಮಾಡಿದ್ದು. ನಾನು ಓದುತ್ತ ಹೋದೆ, ಅವರು ಹೆಸರಿಗೊಂದು ಹುಣಸೆ ಬೀಜ ಇಟ್ಟರು. ನಲವತ್ತು ಬೀಜ. ತಲೆ ಕೆಟ್ಟುಹೋಯಿತು. ಕೊನೆಗೆ ಸ್ಕ್ರೀನಿನಲ್ಲಿ ಸಾಲಿಗೆ ನಂಬರು ಹಾಕಿಸಿದೆ. ಒಂದು — ಬೀರಪ್ಪ ದೇವರು.

"ದೊಡ್ಡಪ್ಪ, ಇದಕ್ಕ ಬೀಜ ಇಟ್ರೇನ್ರಿ?"

"ದ್ಯಾವರನ್ನ ಯಾರರ ಎಣಸ್ತಾರೇನವ್ವ? ಮೊದಲ ಅವನ ಹೆಸರು ಬರೀದೆ ಪಟ್ಟಿ ಸುರು ಮಾಡಬಾರದು."

ನಾನೂ ಎಣಿಸಿರಲಿಲ್ಲ. ಬೆರಳು ತಾನಾಗಿ ಆ ಸಾಲು ದಾಟಿತ್ತು.

"ಹಂಗಾದ್ರ ಹೋದ ವರ್ಷದ ಮೊದಲ ಚೀಟಿ?"

"ಭಂಡಾರದ ಅರಿಶಿಣ ಹಚ್ಚಿ ಗುಡ್ಯಾಗ ಇಟ್ಟೆ."

ಹೋದ ವರ್ಷದ ಪಟ್ಟಿ ತೆರೆದೆ. ಮೊದಲ ಸರದಿ ದೇವರಿಗೆ. ಎರಡನೆಯದು ಮೊದಲ ಮನೆಗೆ. ಹಾಗೇ ಜಾರುತ್ತ ಕೊನೆಯ ಹೆಸರಿಗೆ ದಿನವೇ ಉಳಿದಿಲ್ಲ. ಹಳೆಯ ಪೈಥಾನ್ ಸುಮ್ಮನೆ ಬಿಟ್ಟುಬಿಟ್ಟಿದೆ. ಕೊನೆಯ ಹೆಸರು, ಗಂಡ ತೀರಿಕೊಂಡ ಮೇಲೆ ಸೇರಿಸಿದ್ದು — ನರಸಿಂಹಮ್ಮ.

ಆಗ ಚೀಟಿ ಕೇಳಿಕೊಂಡು ಬಂದಿದ್ದಳು. "ಕಂಪ್ಯೂಟರ್ ಎಲ್ಲಾರಿಗೂ ಕೊಟ್ಟೈತ್ರಿ, ನೀವೇ ಕಳಕೊಂಡೀರಿ" ಅಂದವಳು ನಾನೇ.

17, ಗುರುವಾರ

ದೇವರ ಹೆಸರು ತೆಗೆಯಲು ದೊಡ್ಡಪ್ಪ ಒಪ್ಪಲಿಲ್ಲ. ಮೊದಲ ಸಾಲು ಬಿಟ್ಟು ಓದುವಂತೆ ಪ್ರೋಗ್ರಾಂ ತಿದ್ದಿದೆ. ನಲವತ್ತಕ್ಕೆ ನಲವತ್ತು. ಹಂಚಿದ್ದಾಯಿತು. ಅತ್ತೆಯ ಚೀಟಿ ಮಾತ್ರ ನನ್ನ ಬಳಿ. ಅವಳ ಸರದಿ 28ಕ್ಕೆ. ನಾಳೆ ಹೋಗುತ್ತೇನೆ.

27, ಭಾನುವಾರ, ಸಂಜೆ. ಮರಿಕಲ್

ಹತ್ತು ದಿನ ಹೋಗಲಿಲ್ಲ. ಹೆದರಿಕೆ, ಬೇರೇನಲ್ಲ. ಇವತ್ತು ಬಸ್ಸು ಹತ್ತಿದೆ.

ಅತ್ತೆ ಉಳಿದ ಏಳು ಕುರಿಗೆ ಮೇವು ಹಾಕುತ್ತಿದ್ದಳು. ಚೀಟಿ ಕೊಟ್ಟು ಎಲ್ಲ ಹೇಳಿದೆ. ಬೈಯಲಿ ಅಂತ ನಿಂತೆ. ಅವಳು ಕೇಳಿದ್ದೇ ಬೇರೆ.

"ಹಂಗಾದ್ರ ಬೀರಪ್ಪಗ ನನ್ ಮ್ಯಾಲ ಸಿಟ್ಟಿಲ್ಲೇನವ್ವ?"

ಗಂಡನ ಹರಕೆ ತೀರಿಸಲಿಲ್ಲ, ಅದಕ್ಕೇ ದೇವರು ಹಿಂಡು ತೆಗೆದುಕೊಂಡ ಅಂದುಕೊಂಡಿದ್ದಾಳೆ. ವರ್ಷದಿಂದ ಗುಡಿಗೆ ಕಾಲಿಟ್ಟಿಲ್ಲ. ಊರವರೂ ಹೌದೆಂದಿದ್ದಾರೆ.

"ಇಲ್ರಿ ಅತ್ತಿ. ದ್ಯಾವರದೇನೂ ಇಲ್ಲ. ತಪ್ಪು ನಂದು."

ಉಳಿದ ಮೇವನ್ನೂ ಹಾಕಿ ಮುಗಿಸಿದಳು. ಆಮೇಲೆ ಎದ್ದು ಮುಖ ತೊಳೆದಳು.

"ಗುಡಿಗೆ ಹೋಗಾಕ ಒಬ್ಬಾಕಿಗೆ ಧೈರ್ಯ ಸಾಲದು. ನೀನೂ ಬಾ."

ಒಳಗೆ ಸೀರೆ ಬದಲಿಸುತ್ತಿದ್ದಾಳೆ. ನಾನು ಕಟ್ಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೈಯಲೇ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಗುಡಿಯೊಳಗೆ ಅವಳ ಪಕ್ಕ ನಿಂತು ಏನಂತ ಕೈ ಮುಗಿಯಲಿ…

ಕರೆಯುತ್ತಿದ್ದಾಳೆ. ಬಂದೆ ಅಂದೆ. ಕಾಲು ಮಾತ್ರ ಏಳುತ್ತಿಲ್ಲ.