ನಕ್ಷತ್ರ ಅಂಟಿಸದ ಹಲ್ಲಿ

ಗಾಳಿಕಂಬದ ಓಣಿ, ಗದಗ
ಇಸವಿ ೨೧೯೩, ಎರಡನೆಯ ಬೇಸಿಗೆಯ ಹನ್ನೊಂದನೆಯ ದಿನ

ಹೆಸರು ತಿಳಿಯದ ಅಜ್ಜಿಗೆ, ಶಾಲ್ಮಲಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲೀಗ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಆ ವಸ್ತುಗಳೇ ಇರಲಿಲ್ಲ, ಹೆಸರು ಎಲ್ಲಿಂದ ಬರಬೇಕು? ನಿಮ್ಮನ್ನು ಅಜ್ಜಿ ಎನ್ನಲೂ ಸಂಕೋಚ. ನೀವು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ, ನಿಜ. ಆದರೆ ಟ್ರಂಕಿನಲ್ಲಿ ನನಗೆ ಸಿಕ್ಕ ಹಾಳೆಯನ್ನು ಗೋಡೆಗೆ ತೂಗುಹಾಕಿದಾಗ ನೀವು ನನ್ನಷ್ಟೇ ವಯಸ್ಸಿನವರಿದ್ದಿರಬೇಕು, ಬಹುಶಃ ನನ್ನಷ್ಟೇ ನಿದ್ದೆಗೆಟ್ಟವರು ಕೂಡ. ಹಾಳೆಯ ತುಂಬ ಗೆರೆ ಎಳೆದ ಚೌಕಗಳು. ಮೇಲೆ ನಿಮ್ಮ ಅಕ್ಷರದಲ್ಲಿ ನಿಮ್ಮ ಮಗಳ ಹೆಸರು: ‘ಮೇಧಾಳ ನಕ್ಷತ್ರಗಳು’. ಹಲ್ಲುಜ್ಜಿದರೆ ಒಂದು, ಹಾಲು ಕುಡಿದರೆ ಒಂದು, ಹಟ ಮಾಡದೆ ಮಲಗಿದರೆ ಎರಡು. ಬಣ್ಣ ಮಾಸಿದೆ, ನಕ್ಷತ್ರಗಳು ಇನ್ನೂ ಅಂಟಿಕೊಂಡಿವೆ.

ಆ ನಕ್ಷತ್ರ ನಮ್ಮ ಕಾಲಕ್ಕೆ ಕಿವಿಯ ಹಿಂದಿನ ಎಲುಬಿಗೆ ಬಂದು ಕೂತಿದೆ. ಅದಕ್ಕೆ ಸವಿಮಣಿ ಎನ್ನುತ್ತೇವೆ. ಎಳ್ಳಿನಷ್ಟು ಗಾತ್ರ. ಕೂಸಿಗೆ ಒಂಬತ್ತು ತಿಂಗಳು ತುಂಬುವ ದಿನ ಮಣಿಯಕ್ಕ ಮನೆಗೆ ಬಂದು ಅದನ್ನು ಕೂಡಿಸುತ್ತಾಳೆ; ಆ ಕ್ಷಣಕ್ಕೆ ಸರಿಯಾಗಿ ಅಜ್ಜಿಯಾದವಳು ಕೂಸಿನ ನಾಲಿಗೆಗೆ ಬೆಲ್ಲ ಮುಟ್ಟಿಸಬೇಕು. ಆಮೇಲೆ ಬೆಲ್ಲ ಬೇಕಾಗುವುದಿಲ್ಲ. ಕೂಸು ತುತ್ತು ನುಂಗಿದರೆ ಮಿದುಳಿಗೆ ಒಂದು ಹನಿ ಸುಖ, ಹೆಜ್ಜೆ ಇಟ್ಟರೆ ಒಂದು ಹನಿ, ಅಕ್ಷರ ತಿದ್ದಿದರೆ ಒಂದು ಹನಿ. ನಮ್ಮ ಓಣಿಯಲ್ಲಿ ಹಟ ಹಿಡಿಯುವ ಮಕ್ಕಳಿಲ್ಲ. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಒಂದೇ ಹೊತ್ತಿಗೆ ಬಟ್ಟಲು ಖಾಲಿಯಾಗುತ್ತದೆ. ನಾನೂ ಹಾಗೆಯೇ ಬೆಳೆದೆ. ಧಾರವಾಡದ ಕಾಲೇಜಿನಲ್ಲಿ ಮಿದುಳಿನ ಪಾಠವನ್ನೇ ಓದಿದೆ, ಪುಟಕ್ಕೊಂದು ಹನಿಯಂತೆ.

ಓದಿದ್ದು ಅರ್ಥವಾದದ್ದು ಮಾತ್ರ ಬಾಣಂತಿಯಾದ ಮೇಲೆ. ಬಸುರಿಯ ಮಣಿಯನ್ನು ನಿಲ್ಲಿಸುತ್ತಾರೆ. ಕೂಸಿನ ಮಣಿಶಾಸ್ತ್ರ ಆಗುವತನಕ ಮತ್ತೆ ಹಚ್ಚುವುದಿಲ್ಲ. ಆ ತಿಂಗಳುಗಳಿಗೆ ಬರಿದಿನ ಎಂದು ಹೆಸರು. ನನ್ನ ಬರಿದಿನಗಳಲ್ಲಿ ನನಗೆ ಏನೂ ಬೇಕಾಗಲಿಲ್ಲ. ಅತ್ತೆ ತಂದುಕೊಟ್ಟ ಅಂಟಿನುಂಡೆ ಬಾಯಿಗಿಟ್ಟರೆ ರುಚಿಯಾಗಿತ್ತು, ಆದರೆ ಮುಂದಿನ ಉಂಡೆಗೆ ಕೈ ಚಾಚುವ ಮನಸ್ಸಾಗುತ್ತಿರಲಿಲ್ಲ. ಪುಸ್ತಕದ ಇಲಿ ನೆನಪಾಯಿತು. ಡೋಪಮೈನ್ ಎಂಬ ರಸಾಯನ ತೆಗೆದುಬಿಟ್ಟ ಇಲಿ, ಬಾಯಿಗೆ ಸಕ್ಕರೆ ಹಾಕಿದರೆ ಚಪ್ಪರಿಸುತ್ತದೆ, ಗೇಣು ದೂರದ ಸಕ್ಕರೆಗೆ ಮಾತ್ರ ನಡೆದು ಹೋಗುವುದಿಲ್ಲ. ಸವಿಯುವುದು ಬೇರೆ, ಬಯಸುವುದು ಬೇರೆ. ಮಿದುಳಿನಲ್ಲಿ ಅವುಗಳ ದಾರಿಯೂ ಬೇರೆ. ಬಯಕೆ ಕೆರಳುವುದು ಎಣಿಸದೇ ಇದ್ದದ್ದು ಸಿಕ್ಕಾಗ, ಸಿಕ್ಕೀತೋ ಇಲ್ಲವೋ ಎಂಬ ಕಡೆಗೆ ಕತ್ತು ಚಾಚಿದಾಗ. ಪ್ರತಿ ಸಲವೂ ಖಚಿತವಾಗಿ ಬರುವ ಹನಿಗೆ ಅದು ಕದಲುವುದಿಲ್ಲ. ಬರಬೇಕಾದ ಹನಿ ತಪ್ಪಿದರೆ ಕುಸಿಯುತ್ತದೆ. ಇಪ್ಪತ್ತೈದು ವರ್ಷ ನನಗೆ ಸವಿ ಇತ್ತು. ನನ್ನದೇ ಎನ್ನುವ ಬಯಕೆ ಒಂದಾದರೂ ಇತ್ತೇ?

ಆಗ ಇಂಚರಾ, ನನ್ನ ಮಗಳು, ಹಿತ್ತಾಳೆಯ ತಂಬಿಗೆಯ ಹಿಂದೆ ಬಿದ್ದಳು. ಅವಳಿಗಿನ್ನೂ ಅಂಬೆಗಾಲು ಬಂದಿಲ್ಲ. ಹೊಟ್ಟೆಯ ಮೇಲೆ ಹೊರಳಿ, ಉಸಿರು ಬಿಗಿಹಿಡಿದು, ಬೆರಳು ತಾಗಿಸುವಳು. ತಂಬಿಗೆ ಉರುಳಿ ಮತ್ತೆ ದೂರ ಹೋಗುವುದು. ಮತ್ತೆ ಹೊರಳುವಳು. ಅತ್ತೆ ಕಾಶವ್ವ ಬಾಗಿಲಲ್ಲಿ ನಿಂತು, “ಏನವಾ ಸೊಸೀ, ನಿನ್ನ ಮಗಳು ತಂಬಿಗಿ ಹಿಡಿಯೂದ್ರಾಗ ಮುದುಕಿ ಆಗ್ತಾಳ ನೋಡು!” ಎಂದು ನಕ್ಕರು. ಹನ್ನೊಂದನೆಯ ಸಲ ತಂಬಿಗೆ ತಪ್ಪಿದಾಗ ಮಗಳೂ ಕೇಕೆ ಹಾಕಿ ನಕ್ಕಳು. ಸೋತದ್ದಕ್ಕೆ ನಗು! ಯಾವ ಮಣಿ ಅದಕ್ಕೆ ಹನಿ ಕೊಡುತ್ತದೆ? ಅದನ್ನು ನೋಡುತ್ತ, ನಾಳೆಯೂ ಅವಳು ತಂಬಿಗೆಯ ಹಿಂದೆ ಬೀಳುವುದನ್ನು ನೋಡಬೇಕು ಎನಿಸಿತು ನನಗೆ. ಬೇಕು ಎನಿಸಿತು, ಅಜ್ಜಿ. ನನ್ನ ಜೀವಮಾನದಲ್ಲಿ ಮೊದಲ ಸಲ.

ಇವತ್ತು ಅವಳಿಗೆ ಒಂಬತ್ತು ತಿಂಗಳು ತುಂಬಿತು. ಬೆಳಿಗ್ಗೆ ಮಣಿಯಕ್ಕ ದಾನಮ್ಮ ಬಂದಳು. ಕೂಸನ್ನು ತಿರುವಿ ನೋಡಿ, “ಇನ್ನೂ ಅಂಬೆಗಾಲಿಲ್ಲೇನ? ಎದುರುಮನಿ ಕೂಸು ನಡದಾಡಾಕ್ಹತ್ತೇತಿ” ಎಂದಳು. ಎದುರುಮನೆಯ ಕೂಸಿನ ಮಣಿ ಎರಡು ತಿಂಗಳು ಹಳೆಯದು. ನಾನು ಬೇಡವೆಂದೆ. ದಾನಮ್ಮ ಮಣಿಯ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಿದ್ದ ಕೈಯನ್ನು ಅಲ್ಲೇ ತಡೆದಳು. “ಕಾಲೇಜ ಕಲ್ತಾಕಿ ನೀ. ಶಾಲ್ಯಾಗ ಎಲ್ಲಾ ಕೂಸು ತಲಿ ಬಗ್ಗಿಸಿ ಬರೀತಾವ, ನಿಮ್ಮಾಕಿ ಒಬ್ಬಾಕೀನ ಕಿಡಕ್ಯಾಗ ನೋಡ್ಕೋತ ಕುಂದರ್ತಾಳ.” “ನೋಡ್ಲಿ,” ಎಂದೆ. ಅವಳ ದನಿ ಮೆತ್ತಗಾಯಿತು: “ನಿನ್ನ ಮಣೀನೂ ಈಗ ಹಚ್ತೇನಿ ತಂಗೀ. ನಿದ್ದಿ ತಾನ ಬರ್ತೈತಿ. ಮಾರಿ ನೋಡ್ಕೋ ನಿಂದು.” ಸುಳ್ಳು ಹೇಳಲಾರೆ, ಆ ಮಾತಿಗೆ ನನ್ನ ಕಣ್ಣು ತುಂಬಿತು. ಆದರೂ ತಲೆ ಅಲ್ಲಾಡಿಸಿದೆ. ಬೆಲ್ಲ ಹಿಡಿದು ಕಾದಿದ್ದ ಅತ್ತೆ ಸಿಟ್ಟಿಗೆದ್ದು ಅದನ್ನು ತಮ್ಮ ಬಾಯಿಗೇ ಹಾಕಿಕೊಂಡು ಒಳಗೆ ಹೋದರು. “ಹೊತ್ತು ಮುಣಗೂತನಾ ಟೈಮ್ ಐತಿ, ಮನಸ್ಸಾದ್ರ ಕರೀ, ಬರ್ತೇನಿ. ನಾಳಿಂದ ಎಲುಬು ಗಟ್ಟಿ, ಯಾರೂ ಕೂಡಸಾಕ ಆಗೂದಿಲ್ಲ,” ಎಂದು ದಾನಮ್ಮ ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟು ಹೋದಳು.

ಬೆಳಗಿನಿಂದ ಆ ಪೆಟ್ಟಿಗೆಯನ್ನೂ ಕೂಸನ್ನೂ ನೋಡುತ್ತಿದ್ದೇನೆ. ನಾನು ತಪ್ಪಿದ್ದರೆ? ಎಲ್ಲರೂ ಓಡುವಾಗ ಇವಳೊಬ್ಬಳು ಕುಳಿತರೆ, ದೊಡ್ಡವಳಾಗಿ ‘ಯಾಕೆ ಹೀಗೆ ಮಾಡಿದೆ’ ಎಂದು ಕೇಳಿದರೆ? ಮಧ್ಯಾಹ್ನ ಎರಡು ಸಲ ಎದ್ದು ಗೂಡಿನವರೆಗೆ ಹೋದೆ. ಎರಡನೆಯ ಸಲ ಪೆಟ್ಟಿಗೆಯ ಬದಲು ಅದರ ಪಕ್ಕದಲ್ಲಿ ಮಡಚಿಟ್ಟಿದ್ದ ನಿಮ್ಮ ಹಾಳೆಯನ್ನು ಎತ್ತಿಕೊಂಡೆ, ನಿಮ್ಮನ್ನೇ ಬೈಯೋಣವೆಂದು. ಸಿಟ್ಟಿನಲ್ಲಿ ತಿರುಗಿಸಿದಾಗ ಹಿಂಬದಿ ಕಂಡಿತು.

ಅಲ್ಲೊಂದು ಹಲ್ಲಿ. ಏಳು ಕಾಲಿನದು. ಮೇಧಾ ಅದಕ್ಕೆ ಹಸಿರು ಬಳಿದು, ಮೇಲೆ ನೇರಳೆ ಬಳಿದು, ಮತ್ತೆ ಹಸಿರು ಬಳಿದು, ಬಾಲದ ಹತ್ತಿರ ಕಾಗದವೇ ಹರಿದಿದೆ. ಎಷ್ಟು ಹೊತ್ತು ಕೂತಿದ್ದಳೋ. ಹಾಲು ಕುಡಿಯಲು ನಕ್ಷತ್ರ ಕೇಳುತ್ತಿದ್ದ ಹುಡುಗಿ! ಆ ಹಲ್ಲಿಗೆ ನೀವು ನಕ್ಷತ್ರ ಅಂಟಿಸಲಿಲ್ಲ. ನೋಡಲೇ ಇಲ್ಲವೋ, ನೋಡಿಯೂ ಸುಮ್ಮನಿದ್ದಿರೋ, ನನಗೆ ತಿಳಿಯದು. ಆದರೆ ಹಾಳೆಯನ್ನು ಎಸೆಯಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಮುಂಬದಿಯ ಚೌಕಗಳನ್ನು ಬೇಕಾದಷ್ಟು ತುಂಬಿಸಿ, ಹಲ್ಲು ಉಜ್ಜಲೇಬೇಕಲ್ಲ. ಹಿಂಬದಿಗೆ ಕೈ ಹಚ್ಚಬೇಡಿ. ಕೂಸು ಯಾವುದೋ ಕೆಲಸಕ್ಕೆ ಬಾರದ ವಸ್ತುವಿಗಾಗಿ ಒದ್ದಾಡುವಾಗ ಬಹುಮಾನ ತರಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ಉಸಿರು ಹಿಡಿದು ನೋಡಿ, ಅಷ್ಟು ಸಾಕು.

ಗಾಳಿಕಂಬಗಳ ನೆರಳು ಅಂಗಳ ದಾಟಿ ಗೋಡೆ ಹತ್ತಿತ್ತು. ಈಗ ನೆರಳೂ ಇಲ್ಲ. ಹೊತ್ತು ಮುಳುಗಿತು. ಪೆಟ್ಟಿಗೆ ಮುಚ್ಚಿಯೇ ಇದೆ. ನನಗೆ ಭಯವಾಗುತ್ತಿದೆ, ನಿದ್ದೆಯೂ ಬರುವುದಿಲ್ಲ, ಮತ್ತು ನಾನು ಮಣಿಯುವುದಿಲ್ಲ. ಅತ್ತೆ ಹೊರಗೆ ಬಂದಿದ್ದಾರೆ. ತಂಬಿಗೆಯನ್ನು ಕಾಲಿನಿಂದ ಮೆಲ್ಲಗೆ ಇನ್ನೊಂದು ಗೇಣು ದೂರ ಸರಿಸಿ, ಗೋಡೆಗೆ ಒರಗಿ ಕೂತರು. ಇಂಚರಾ ಹೊರಳುತ್ತಿದ್ದಾಳೆ.

ಇನ್ನು ನೋಡಬೇಕು, ಹೋಗಿ ಬರುತ್ತೇನೆ.

ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು,
ಶಾಲ್ಮಲಾ